ಹೊಂಗೆರೆಯೊಳಗಿನ ಕಡಲು

ಕಡಲು ಇನ್ನೂ ಮನುಷ್ಯರ ಮಾತು ಕೇಳುತ್ತಿದ್ದ ಕಾಲ. ಆಗ ಶಂಖಾವತಿ ಎಂಬ ರಾಜ್ಯ. ಅಲ್ಲಿಯ ತೀರದಲ್ಲಿ ದೋಣಿಗಳಿಗೆ ಬಣ್ಣ ಬಳಿಯುವ ಸುಬ್ಬಿ, ಮೀನು ಹಿಡಿಯುವ ಅವಳ ಗಂಡ ಬೀರ ಸುಖವಾಗಿದ್ದರು.

ಆ ಸುಖಕ್ಕೆ ಯಾರ ಕಣ್ಣು ಬಿತ್ತೋ! ಕುಂಡಲಕನೆಂಬ ಮಾಂತ್ರಿಕ ಕಡಲಾಚೆಯಿಂದ ರೊಕೊಕೊ ಎಂಬ ಚಿತ್ರವಿದ್ಯೆ ಕಲಿತು ಬಂದ. ಅದರಲ್ಲಿ ಹುಡುಕಿದರೂ ಒಂದು ನೆಟ್ಟಗಿನ ಗೆರೆ ಸಿಗದು. ಎಲ್ಲವೂ ಚಿಪ್ಪು, ಸುರುಳಿ, ತಿಳಿಗುಲಾಬಿ, ಹೊಂಬಣ್ಣ. ಮಕರದ ಬಾಲಕ್ಕೂ ರಿಬ್ಬನ್ನು! ಅರಮನೆಯ ಗೋಡೆಯ ಮೇಲೆ ಅವನು ಯಾವ ಜೀವಿಯನ್ನು ಬರೆದರೂ ಅದು ಕಡಲಿನಿಂದ ಮಾಯವಾಗಿ ಗೋಡೆಯೊಳಗೆ ಈಜುತ್ತಿತ್ತು. ರಾಜನೋ, ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಮಕರ ಹೋಯಿತು. ಜಲಕುದುರೆಗಳು ಹೋದವು. ಕೊನೆಗೆ ಮತ್ಸ್ಯಕನ್ಯೆಯೂ ಹೋದಳು. ಬಲೆಗೆ ಸಿಕ್ಕಿದ್ದ ಅವಳನ್ನು ಬಿಡಿಸುತ್ತಿದ್ದ ಬೀರನೂ ಅವಳ ಜೊತೆಗೇ ಗೋಡೆ ಸೇರಿದ.

ಸುಬ್ಬಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಅರಮನೆಗೆ ನಡೆದಳು.

"ಒಡೆಯಾ, ನನ್ನ ಗಂಡನ್ನ ಕೊಡಿ."

ರಾಜ ಮಾಂತ್ರಿಕನ ಮುಖ ನೋಡಿದ. ಕುಂಡಲಕ ಮೀಸೆ ತಿರುವಿದ.

"ಮೂರು ಗೋಡೆ ಇವೆ. ಹೊತ್ತು ಮುಳುಗುವುದರೊಳಗೆ ಒಂದೇ ಒಂದು ಜೀವಿಯನ್ನು ಹೊರಗೆ ಕರೆ, ಎಲ್ಲವನ್ನೂ ಬಿಡುತ್ತೇನೆ. ಆಗದಿದ್ದರೆ ನಿನ್ನನ್ನೂ ಬರೆಯುತ್ತೇನೆ."

ಮೊದಲ ಗೋಡೆಯ ಮುಂದೆ ಸುಬ್ಬಿ ದೋಣಿಯ ಹಲಗೆ ಬಡಿದಳು. ಮಕರ ಆರ್ಭಟಿಸುತ್ತ ಬಂತು, ಚಿತ್ರದ ಅಂಚಿಗೆ ಎಳೆದಿದ್ದ ಹೊನ್ನಿನ ಗೆರೆ ಮುಟ್ಟಿತು, ತಿರುಗಿ ಹೋಯಿತು. ಎರಡನೆಯ ಗೋಡೆಯ ಮುಂದೆ ಸಿಳ್ಳೆ ಹಾಕಿದಳು. ಜಲಕುದುರೆಗಳು ಕೆನೆಯುತ್ತ ಬಂದವು, ಹೊಂಗೆರೆ ಮುಟ್ಟಿದವು, ತಿರುಗಿ ಹೋದವು. ಮೂರನೆಯ ಗೋಡೆಯ ಮುಂದೆ ನಿಂತು ಗಂಡನನ್ನೇ ಕೂಗಿದಳು.

"ಹೋಯ್, ಬನ್ನಿ! ಮನಿಗ್ ಹೋಪ!"

ಬೀರ ಓಡೋಡಿ ಬಂದ. ಅಂಚಿನಲ್ಲಿ ತಡಕಾಡಿದ. "ಬಾಗಿಲ್ ಎಲ್ಲಿತ್ತೇ, ಸುಬ್ಬೀ?"

ಸುಬ್ಬಿಗೆ ಅಳು ನುಗ್ಗಿ ಬಂತು. ಅಳುತ್ತಲೇ ಆ ಗೆರೆಯನ್ನು ನೋಡಿದಳು. ಮೂರೂ ಗೋಡೆಗಳನ್ನು ಸುತ್ತಿದ ಒಂದೇ ಹೊಂಗೆರೆ, ಎಲ್ಲೂ ಒಂದು ಸಂದಿಲ್ಲ! ಅವಳ ಊರಿನ ಹೆಂಗಸರು ಏನೇ ಬರೆಯಲಿ, ಅಂಚಿನಲ್ಲಿ ಬೆರಳಗಲ ಜಾಗ ಬಿಡುತ್ತಿದ್ದರು. ಬರೆದ ಹಕ್ಕಿಗೂ ಹೊರಗೆ ಹೋಗಿಬರುವ ಆಸೆ ಇರುತ್ತದೆ ಎಂಬುದು ಅವರ ನಂಬಿಕೆ. ಏಳು ಕಡಲು ದಾಟಿದ ಮಾಂತ್ರಿಕನಿಗೆ ಅದನ್ನು ಯಾರೂ ಕಲಿಸಿರಲಿಲ್ಲ.

ಸುಬ್ಬಿ ಹೆಬ್ಬೆರಳನ್ನು ಎಂಜಲು ಮಾಡಿಕೊಂಡು ಗೆರೆಯನ್ನು ತಿಕ್ಕಿದಳು. ಬೆರಳಗಲ ಅಳಿಸಿಹೋಯಿತು, ಅಷ್ಟೇ. ಭೋರ್ ಎಂದು ಕಡಲು ಹೊರಗೆ ನುಗ್ಗಿತು. ಕುದುರೆಗಳು ಮೆಟ್ಟಿಲಿಳಿದು ಓಡಿದವು, ಮತ್ಸ್ಯಕನ್ಯೆ ನಗುತ್ತ ತೇಲಿ ಹೋದಳು. ಮಕರ ಬಾಯಿ ತೆರೆದು ಕುಂಡಲಕನನ್ನು ಅಟ್ಟಿಸಿಕೊಂಡು ಬಂತು. ಅವನು ಹೆದರಿ ತಾನೇ ಬರೆದ ಚಿಪ್ಪಿನೊಳಗೆ ಹಾರಿ, ಒಳಗಿನಿಂದಲೇ ಸುತ್ತ ಗೆರೆ ಎಳೆದುಕೊಂಡ. ಸಂದಿ ಬಿಡುವುದು ಅವನಿಗೆ ಗೊತ್ತಿರಲಿಲ್ಲವಲ್ಲ, ಅಲ್ಲೇ ಉಳಿದ.

ಕೊನೆಗೆ ಬೀರ ಹೊರಬಂದ. ಕೆನ್ನೆ ಗುಲಾಬಿ, ತಲೆತುಂಬ ಹೊನ್ನಿನ ಗುಂಗುರು! ಸುಬ್ಬಿ ಅವನನ್ನು ಅಪ್ಪಿಕೊಂಡು ಅತ್ತಳು, ಅವನ ತಲೆ ನೋಡಿ ನಕ್ಕಳು.

"ಈ ಕೂದ್ಲ್ ಹ್ಯಾಂಗೆ ಬಾಚೂದು?" ಎಂದ ಬೀರ.

"ನಾನ್ ಬಾಚ್ತೆ, ಬನ್ನಿ."

ಕಡಲಿನವರು ಕಡಲಿಗೆ, ಮನೆಯವರು ಮನೆಗೆ. ಅವರೆಲ್ಲ ಸುಖವಾಗಿ ಬಾಳಿದರು, ಕೇಳಿದ ನಾವೂ ಹಾಗೇ ಬಾಳೋಣ.