ಮೈಕ್ ಬಂದ್ ಮಾಡಿದ ಶನಿವಾರ

ಹರ್ಮೀನಾಳಿಗೆ ನಾನು ಆಡಿದ ಮೊದಲ ಮಾತು, "ಸ್ವಲ್ಪ ಬಾಯಿ ಮುಚ್ಚಿಕೊಳ್ತೀರಾ ಮೇಡಂ?" ಅದೂ ಅವಳ ನಲವತ್ತು ನೃತ್ಯದ ಹುಡುಗಿಯರ ಎದುರಿಗೆ.

ಅವಳು ನನ್ನನ್ನು ಬೂಟಿನಿಂದ ಟೈವರೆಗೆ ನಿಧಾನವಾಗಿ ನೋಡಿದಳು. ಎಡಹುಬ್ಬು ಮಾತ್ರ ಮೇಲೇರಿತು. ನಾನು ಸದ್ದು ಹಿಡಿಯುವ ನನ್ನ ಗಾಜಿನ ಗೂಡಿಗೆ ವಾಪಸು ಹೋದೆ.

ಅದು ಸಾವಿರದ ಒಂಬೈನೂರ ಇಪ್ಪತ್ತೊಂಬತ್ತನೇ ಇಸವಿಯ ಹಾಲಿವುಡ್. ಸಿನಿಮಾಕ್ಕೆ ಆಗಷ್ಟೇ ಮಾತು ಬಂದಿತ್ತು. ಟೆಲಿಫೋನ್ ಕಂಪನಿ ಬಿಟ್ಟು ಬಂದ ಲೆಸ್ಟರ್ ಪ್ರೂಯಿಟ್ ಎಂಬ ನಾನು ಸ್ಟುಡಿಯೋದ ಸೌಂಡ್ ಇಂಜಿನಿಯರ್. ನಾನು ಕೈ ಎತ್ತಿದರೆ ಡೈರೆಕ್ಟರ್ ಕೂಡ ಕೆಮ್ಮು ನುಂಗಿಕೊಳ್ಳುತ್ತಿದ್ದ. ನನಗೆ ಕೊಂಬು ಬಂದಿತ್ತು, ಸುಳ್ಳೇಕೆ ಹೇಳಲಿ.

ಹರ್ಮೀನಾ ವಿಯೆನ್ನಾದಲ್ಲಿ ಏಳನೇ ವಯಸ್ಸಿಗೇ ಬ್ಯಾಲೆ ನೃತ್ಯ ಹಿಡಿದವಳು. ನ್ಯೂಯಾರ್ಕಿನ ರಂಗಮಂದಿರಗಳಲ್ಲಿ ಹೆಸರು ಮಾಡಿ, ಮೊದಲ ಸಲ ಸಿನಿಮಾಕ್ಕೆ ನೃತ್ಯ ಕಟ್ಟಲು ಬಂದಿದ್ದಳು. ಅವಳ ಹುಡುಗಿಯರು ಅವಳ ಎಣಿಕೆಗೆ ಕುಣಿಯುತ್ತಿದ್ದರು. ಒಂದು, ಎರಡು, ಬೆನ್ನು ನೆಟ್ಟಗೆ, ಮೂರು. ರಂಗಮಂದಿರದಲ್ಲಿ ಪರದೆಯ ಮರೆಯಲ್ಲಿ ನಿಂತು ಎಣಿಸಿದರೆ ವಾದ್ಯದ ಅಬ್ಬರದಲ್ಲಿ ಯಾರಿಗೂ ಕೇಳುತ್ತಿರಲಿಲ್ಲ. ನನ್ನ ಮೈಕಿಗೆ ಎಲ್ಲವೂ ಕೇಳುತ್ತಿತ್ತು. ತುದಿಗಾಲ ಮೇಲೆ ನಿಲ್ಲುವ ಬ್ಯಾಲೆ ಶೂಗಳು ಹಲಗೆಗೆ ಬಡಿಯುವ ಸದ್ದಂತೂ ಕುದುರೆ ಲಾಯವೇ. ಅವಳು ಬಾಯಿ ಮುಚ್ಚಿದರೆ ಹುಡುಗಿಯರ ಮೂರನೇ ಸಾಲು ತಾಳ ತಪ್ಪುತ್ತಿತ್ತು.

ನಾಲ್ಕು ದಿನ ಹೀಗೇ ಹಾಳಾಯಿತು. ನಿರ್ಮಾಪಕ ಗ್ರೋವರ್ ಬಂದು, ಶನಿವಾರದೊಳಗೆ ನೃತ್ಯ ಸರಿಯಾಗದಿದ್ದರೆ ಅದನ್ನು ಕಿತ್ತುಹಾಕಿ ಬೂಟಿನಿಂದಲೇ ತಾಳ ಬಡಿಯುವ ಟ್ಯಾಪ್ ಕುಣಿತದವರನ್ನು ತರುತ್ತೇನೆ, ಮೇಡಂ ನ್ಯೂಯಾರ್ಕಿನ ರೈಲು ಹತ್ತಬಹುದು ಎಂದು ಹೇಳಿ ಹೋದ.

ಅವತ್ತೇ, ಗುರುವಾರ ಮಧ್ಯಾಹ್ನ, ಕ್ಯಾಂಟೀನಿನಲ್ಲಿ ಹರ್ಮೀನಾ ನನ್ನೆದುರು ಬಂದು ಕುಳಿತಳು. ಸೂಪು ಮುಟ್ಟಲಿಲ್ಲ.

"ಬ್ಯಾಲೆ ಕ್ಯಾಮರಾಗೆ ಒಗ್ಗಲ್ಲ ಅಂತ ಇವರೆಲ್ಲ ಬರೆದಿಟ್ಟುಬಿಡ್ತಾರೆ ಮಿಸ್ಟರ್ ಪ್ರೂಯಿಟ್. ಆಮೇಲೆ ನನ್ನನ್ನಷ್ಟೇ ಅಲ್ಲ, ನನ್ನಂಥ ಯಾರನ್ನೂ ಕರೆಯಲ್ಲ."

ಅವಳ ಕಣ್ಣು ತುಂಬಿತ್ತು, ಗದ್ದ ಮಾತ್ರ ಇಳಿದಿರಲಿಲ್ಲ. ಆ ಗದ್ದಕ್ಕೇ ನಾನು ಸೋತೆ. ನಾಲ್ಕು ದಿನದಿಂದ ಗಾಜಿನ ಹಿಂದೆ ಕುಳಿತು ಕೇಳುವ ನೆಪದಲ್ಲಿ ಅವಳನ್ನೇ ನೋಡುತ್ತಿದ್ದೆ ಎಂಬುದು ಆಗ ನನಗೇ ಗೊತ್ತಾಯಿತು.

ಆಗಲೇ ಉಪಾಯ ಹೊಳೆಯಿತು. ಶುಕ್ರವಾರ ಬರಿಯ ವಾದ್ಯಗೋಷ್ಠಿಯನ್ನು ಕೂರಿಸಿ ನೃತ್ಯದ ಹಾಡನ್ನು ಮೊದಲೇ ಗ್ರಾಮಫೋನ್ ಪ್ಲೇಟಿನಲ್ಲಿ ಹಿಡಿದೆ. ಶನಿವಾರ ಬೆಳಿಗ್ಗೆ ಆ ಪ್ಲೇಟನ್ನು ದೊಡ್ಡ ಸ್ಪೀಕರಿಗೆ ಹಚ್ಚಿ, ಎಲ್ಲರ ಎದುರಿಗೇ ಮೈಕುಗಳನ್ನೆಲ್ಲ ಬಂದ್ ಮಾಡಿದೆ.

ಗ್ರೋವರ್ ಕೆಂಪಾದ. ಮಾತಾಡುವ ಸಿನಿಮಾಕ್ಕೆ ಸಂಬಳ ತಿಂದು ಕಿವಿ ಮುಚ್ಚುತ್ತೀಯಾ, ಕೆಟ್ಟರೆ ನೀನೂ ಅವಳ ಜೊತೆಗೇ ರೈಲು ಹತ್ತು ಎಂದ. ಟಿಕೆಟ್ ಅಕ್ಕಪಕ್ಕದ್ದೇ ತೆಗೆಸಿ ಅಂದೆ. ಹುಡುಗಿಯರು ಕಿಸಕ್ಕನೆ ನಕ್ಕರು. ಹರ್ಮೀನಾ ನಗಲಿಲ್ಲ, ಅವಳ ಕಿವಿ ಮಾತ್ರ ಕೆಂಪಾಯಿತು.

ನಾನು ಅವಳ ಹತ್ತಿರ ಹೋಗಿ ಹೇಳಿದೆ, "ಪ್ಲೇಟಿನಲ್ಲಿರೋ ಹಾಡೇ ಸಿನಿಮಾಕ್ಕೆ ಹೋಗತ್ತೆ ಮೇಡಂ. ಇಲ್ಲಿ ಏನು ಸದ್ದಾದ್ರೂ ಯಾರಿಗೂ ಕೇಳಲ್ಲ. ಇನ್ನು ನಿಮ್ಮಿಷ್ಟ, ಕೂಗಿ."

ಅವಳು ಕೂಗಿದಳು. ಅಬ್ಬಾ, ಎಂಥ ಕೂಗು ಅದು! ಇಂಗ್ಲಿಷು ಸಾಲದೆ ತನ್ನ ಜರ್ಮನ್ನಿನಲ್ಲೂ ಬೈದಳು, ಹೊಗಳಿದಳು, ಎಣಿಸಿದಳು. ನಲವತ್ತು ಜನ ಒಂದೇ ಉಸಿರಿನಲ್ಲಿ ತುದಿಗಾಲ ಮೇಲೆ ಎದ್ದರು. ಮೂರನೇ ಸಾಲು ಒಂದು ಕೂದಲಿನಷ್ಟೂ ಕದಲಲಿಲ್ಲ. ಹಾಡು ಮುಗಿದಾಗ ಸೆಟ್ ಕಟ್ಟುವ ಬಡಗಿಗಳು ಅಟ್ಟದ ಮೇಲಿಂದ ಚಪ್ಪಾಳೆ ಹೊಡೆದರು. ಗ್ರೋವರ್ ಟೋಪಿ ತೆಗೆದು, ಇಂಥವು ಇನ್ನೂ ಮೂರು ಬೇಕು, ಮುಂದಿನ ಸಿನಿಮಾನೂ ಮೇಡಂದೇ ಎಂದ.

ಗದ್ದಲದ ನಡುವೆ ಅವಳು ನನ್ನ ಗಾಜಿನ ಗೂಡಿಗೆ ಬಂದಳು. ಹಣೆಯ ಬೆವರು ಒರೆಸಿಕೊಳ್ಳುತ್ತ ಬಾಗಿಲಿಗೆ ಒರಗಿ ನಿಂತಳು. ಕೂಗಿ ಕೂಗಿ ಗಂಟಲು ಪೂರಾ ಕಟ್ಟಿಹೋಗಿತ್ತು.

"ಮೈಕು ಇನ್ನೂ ಬಂದ್ ಇದೆ ತಾನೆ?"

"ಇದೆ."

"ಹಾಗಾದ್ರೆ ಹೇಳಿ. ಇಷ್ಟು ದಿನದಿಂದ ಗಾಜಿನ ಹಿಂದೆ ಕೂತು ನುಂಗ್ಕೊಳ್ತಾ ಇದೀರಲ್ಲ, ಅದನ್ನ."

ನಾನು ಹೇಳಿದೆ. ತೊದಲಿದೆ, ಆದರೂ ಪೂರ್ತಿ ಹೇಳಿದೆ. ಅವಳು ಕಟ್ಟಿದ ಗಂಟಲಿನಲ್ಲೇ ನಕ್ಕು, ನನ್ನ ಟೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು.

ನಲವತ್ತು ಹುಡುಗಿಯರೂ ಗಾಜಿನಾಚೆ ನಿಂತು ನೋಡುತ್ತಿದ್ದರು. ನೋಡಲಿ ಬಿಡಿ ಅಂದುಕೊಂಡೆ.