ಒಂಬತ್ತನೇ ಕೋಣೆಯ ಗಂಟೆ

ವೃದ್ಧಾಶ್ರಮಗಳ ಸುರಕ್ಷತಾ ತಪಾಸಣೆ ನನ್ನ ಕೆಲಸ. ಹತ್ತೊಂಬತ್ತು ವರ್ಷದಿಂದ ಮಾಡುತ್ತಿದ್ದೇನೆ. ದೆವ್ವಗಿವ್ವ ನಂಬುವವನಲ್ಲ, ನಡೆದದ್ದನ್ನಷ್ಟೇ ಹೇಳುತ್ತೇನೆ.

ಪ್ರತಿ ಮಂಚದ ಪಕ್ಕ ಒಂದು ದಾರ ಇಳಿಬಿಟ್ಟಿರುತ್ತದೆ. ಎಳೆದರೆ ಕೆಳಗೆ ನರ್ಸಿನ ಮೇಜಿನ ಹಿಂದಿರುವ ಬೋರ್ಡಿನಲ್ಲಿ ಆ ಕೋಣೆಯ ದೀಪ ಹತ್ತಿ ಗಂಟೆ ಹೊಡೆಯಬೇಕು. ಆ ದಿನ ಒಂದು ಆಶ್ರಮದ ಮಹಡಿಯಲ್ಲಿ ನಾನು ಒಂದೊಂದೇ ಎಳೆಯುತ್ತಾ ಹೋದೆ. ಕೆಳಗೆ ಬೋರ್ಡಿನ ಮುಂದಿದ್ದ ಸಿಸ್ಟರ್ ಫೋನಿನಲ್ಲಿ, "ಏಳು ಬಂತು ಸಾರ್, ಎಂಟು ಬಂತು" ಎನ್ನುತ್ತಾ ಹೋದರು.

ಒಂಬತ್ತು ಖಾಲಿ. ಅಲ್ಲಿದ್ದ ಅಜ್ಜಿ ಎರಡು ತಿಂಗಳ ಹಿಂದೆ ತೀರಿಕೊಂಡಿದ್ದರು. ಬೆಳಿಗ್ಗೆ ನೋಡಿದಾಗ ದಾರ ಅವರ ಬೆರಳಿಗೆ ಮೂರು ಸುತ್ತು ಸುತ್ತಿಕೊಂಡಿತ್ತಂತೆ. ಬಾಗಿಲು ತೆಗೆದೆ. ನಡುಹಗಲಲ್ಲೂ ನೆಲ ತಣ್ಣಗೆ ಕಾಲಿಗೆ ಕೊರೆಯುತ್ತಿತ್ತು.

"ಒಂಬತ್ತು ಬಂತು ಸಾರ್."

"ನಾನಿನ್ನೂ ಎಳ್ದೇ ಇಲ್ಲ ಸಿಸ್ಟರ್. ಬಾಗಿಲಲ್ಲೇ ಇದೀನಿ."

"ಮತ್ತೆ ಬಂತು. ಬಿಡ್ತಾನೇ ಇಲ್ವಲ್ಲ ಸಾರ್, ಮೆಲ್ಲಗೆ ಎಳೀರಿ."

ದಾರ ಅಲ್ಲಾಡುತ್ತಿರಲಿಲ್ಲ. ಮುಟ್ಟಿ ನೋಡಿದೆ. ಯಾರೋ ಈಗಷ್ಟೇ ಹಿಡಿದು ಬಿಟ್ಟಂತೆ ಬೆಚ್ಚಗಿತ್ತು.

ಎಲೆಕ್ಟ್ರಿಷಿಯನ್ ಬಂದು ಗೋಡೆಯ ಡಬ್ಬಿ ಬಿಚ್ಚಿದ. "ಇದಕ್ಕೆ ವೈರೇ ಎಳ್ದಿಲ್ಲ ಸಾರ್. ಕಟ್ಟಿದಾಗಿಂದ ಹೀಗೇ ಇದೆ. ಹೋದ ವರ್ಷ ಯಾರು ನೋಡಿದ್ದು ಇದನ್ನ?"

ಹೋದ ವರ್ಷ ಮಂಡಿನೋವೆಂದು ಮೆಟ್ಟಿಲು ಹತ್ತದೆ, ಕೆಳಗೇ ಕೂತು ಟೀ ಕುಡಿಯುತ್ತಾ, ಮೇಲಿನ ಅಷ್ಟೂ ಕೋಣೆಗಳಿಗೆ 'ಗಂಟೆ ಸರಿಯಿದೆ' ಎಂದು ಟಿಕ್ ಹಾಕಿದವನು ನಾನೇ.

ಕೆಳಗಿಳಿದು ಬಂದಾಗಲೂ ಆ ಗಂಟೆ ಹೊಡೆಯುತ್ತಲೇ ಇತ್ತು. ಫಾರಂ ತೆಗೆದು ಒಂಬತ್ತರ ಮುಂದೆ ಈ ವರ್ಷವೂ ಅದೇ ಟಿಕ್ ಹಾಕಿದೆ. ಈ ಸಲ ಅದು ಸುಳ್ಳಾಗಿರಲಿಲ್ಲ.