ಕೆಂಚನನ್ನು ಕೊಲ್ಲಬೇಕಿದ್ದ ಭಾನುವಾರ

"ಸಾರಿ ಮೇಡಂ... ರಸ್ತೆಗೆ ಮರ ಬಿದ್ದಿತ್ತು!"

ಬಾಗಿಲಲ್ಲಿ ನಿಂತವನ ಶರ್ಟಿನಿಂದ ನೀರು ಸೋರುತ್ತಿತ್ತು. ದಾಳ ಉರುಳಿಸಲು ಎತ್ತಿದ ಫಾಯಿಜಾಳ ಕೈ ಹಾಗೇ ನಿಂತಿತು.

"ಆಟ ಶುರುವಾಗಿ ಎಷ್ಟು ಹೊತ್ತಾಯ್ತು ಗೊತ್ತಾ? ಮರಕ್ಕೂ ಭಾನುವಾರವೇ ಬೇಕಿತ್ತಾ?"

"ಅದನ್ನ ಮರವನ್ನೇ ಕೇಳ್ಬೇಕು," ಎಂದು ಅವನು ನಕ್ಕ.

ನಗು! ತಡವಾಗಿ ಬಂದದ್ದಲ್ಲದೆ ನಗು ಬೇರೆ! ಫಾಯಿಜಾಳಿಗೆ ಮೈಯೆಲ್ಲ ಉರಿದುಹೋಯಿತು.

"ನೋಡಿ, ಇಲ್ಲಿ ಸೇರೋಕೆ ಇನ್ನೂ ಜನ ಕಾಯ್ತಿದ್ದಾರೆ. ಟೈಮ್ ಇಲ್ಲದವರಿಗೆ ಈ ಮೇಜಲ್ಲಿ ಜಾಗ ಇಲ್ಲ."

"ಟೈಮ್ ಇದೆ ಮೇಡಂ. ಬೇಕಾದಷ್ಟಿದೆ!"

ಎಲ್ಲ ಶುರುವಾದದ್ದು ಈ ಒಂದು ಮಾತಿನಿಂದ.

ಮೂಡಿಗೆರೆ ಪೇಟೆಯಲ್ಲಿ ಫಾಯಿಜಾಳ ಅಬ್ಬಾ ನಿಜಾಮುದ್ದೀನರ ಹಾರ್ಡ್‌ವೇರ್ ಅಂಗಡಿ ಇದೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಫಾಯಿಜಾ ಭಾನುವಾರ ಮಧ್ಯಾಹ್ನ ಅದರ ಮೇಲಿನ ಕೋಣೆಯಲ್ಲಿ ಕತೆಯಾಟ ನಡೆಸುತ್ತಿದ್ದಳು. ಅವಳು ಕತೆ ಹೇಳುವುದು, ಉಳಿದವರು ಒಂದೊಂದು ಪಾತ್ರವಾಗಿ 'ನಾನು ಹೀಗೆ ಮಾಡ್ತೀನಿ' ಅನ್ನುವುದು, ಅದು ಫಲಿಸುತ್ತದೋ ಇಲ್ಲವೋ ಎಂದು ದಾಳ ಹೇಳುವುದು. ಆಟ ಇಷ್ಟೇ. ಕತೆ ನಡೆಯುತ್ತಿದ್ದದ್ದು ಗಣಿ ಮುಚ್ಚಿದ ಮೇಲೆ ಖಾಲಿ ಬಿದ್ದ ಕುದುರೆಮುಖದ ಕ್ವಾರ್ಟರ್ಸುಗಳಲ್ಲಿ ಅವಿತ ಒಬ್ಬ ಮಾಂತ್ರಿಕನ ಸುತ್ತ. ಬ್ಯಾಂಕಿನ ಸುಕನ್ಯಾ ಅದರಲ್ಲಿ ರಾಣಿ, ಝೆರಾಕ್ಸ್ ಅಂಗಡಿಯ ರುದ್ರೇಶ್ ವೈದ್ಯ. ಅಂದು ತಡವಾಗಿ ಬಂದು ಹೊಸದಾಗಿ ಸೇರಿದ ಬಣಕಲ್‌ನ ಪಂಪ್ ಮೆಕ್ಯಾನಿಕ್ ಹಸೀಬ್, ಕೆಂಚನೆಂಬ ಬೀಗ ಒಡೆಯುವ ಕಳ್ಳನಾದ.

ಮಳೆಗಾಲ, ಚಳಿಗಾಲ ಎರಡರಲ್ಲೂ ಅವನು ಒಂದು ವಾರವೂ ತಪ್ಪಿಸಲಿಲ್ಲ. ಬಂದವನೇ ಎಲ್ಲರನ್ನೂ "ಊಟ ಆಯ್ತಾ?" ಎಂದು ಕೇಳುತ್ತಿದ್ದ. ಫಾಯಿಜಾಳನ್ನು ಮಾತ್ರ ಎರಡು ಸಲ ಕೇಳುತ್ತಿದ್ದ. ಅವಳಿಗೂ ಭಾನುವಾರ ಬೆಳಗಾದರೆ ಸುಮ್ಮಸುಮ್ಮನೆ ಖುಷಿ!

ಫೆಬ್ರವರಿ ಬಂತು ನೋಡಿ, ಹಸೀಬ್ ಮಾಯ.

ಹಾಗಂತ ಬರಲಾಗದು ಎಂದು ಹೇಳಿದನೇ? ಇಲ್ಲ! ಯಾವ ದಿನ ಸೇರೋಣವೆಂದು ಫಾಯಿಜಾ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದರೆ, ಅವಳು ಕೊಟ್ಟ ಎಲ್ಲ ದಿನಗಳಿಗೂ ಹೂಂ ಒತ್ತುತ್ತಿದ್ದ. ಶನಿವಾರವೂ ಸರಿ, ಭಾನುವಾರವೂ ಸರಿ! ಅವನ ಮಾತು ನಂಬಿ ಸುಕನ್ಯಾ ಅತ್ತೆಮನೆ ಪೂಜೆ ಬಿಟ್ಟು ಬಂದಳು, ರುದ್ರೇಶ್ ಅಂಗಡಿಗೆ ಬೀಗ ಹಾಕಿ ಬಂದ. ಕುರ್ಚಿ ಮಾತ್ರ ಖಾಲಿ. ಫೋನ್ ಮಾಡಿದರೆ ನಾಟ್ ರೀಚೆಬಲ್. ಸಂಜೆ ಮೇಲೆ 'ಸಾರಿ' ಎಂದೊಂದು ಮೆಸೇಜು. ಹೇಳಿ, ಯಾರಿಗೆ ಸಿಟ್ಟು ಬರುವುದಿಲ್ಲ?

ಮೇಲಿಂದ ರುದ್ರೇಶ್ ಬೆಂಕಿಗೆ ತುಪ್ಪ ಸುರಿದ.

"ಹೋದ ವಾರ ಎಲ್ಲಿದ್ದ ಗೊತ್ತಾ ಮಾರಾಯ್ತಿ? ಬಣಕಲ್ ಹೋಟೆಲಲ್ಲಿ! ಆರಾಮಾಗಿ ಕೂತು ಪರೋಟ ತಿಂತಿದ್ದ!"

ಪರೋಟ! ತನ್ನ ಮೇಜಿಗಿಂತ ಅವನಿಗೆ ಪರೋಟ ಹೆಚ್ಚಾಯಿತೇ?

ಆಟಗಾರ ಬರದಿದ್ದರೆ ಅವನ ಪಾತ್ರವನ್ನು ಫಾಯಿಜಾಳೇ ಆಡಿಸಬೇಕು. ಅದು ಆ ಮೇಜಿನ ಪದ್ಧತಿ. ಹೀಗಾಗಿ ವಾರ ವಾರವೂ ಕೆಂಚನ ಮಾತು ಅವಳ ಬಾಯಲ್ಲಿ ಬರುತ್ತಿತ್ತು. ಒಂದು ದಿನ ಸುಕನ್ಯಾ ಕಣ್ಣು ಕಿರಿದು ಮಾಡಿ ಕೇಳಿದಳು:

"ಹಸೀಬ್ ಇದ್ದಾಗ ಕೆಂಚ ಬರೀ ಬೀಗ ಒಡೀತಿದ್ದ. ನೀನು ಆಡ್ಸಿದ್ರೆ ಎಲ್ಲರನ್ನೂ ಊಟ ಆಯ್ತಾ ಅಂತ ಕೇಳ್ತಾನಲ್ಲೇ! ಏನೇ ವಿಷ್ಯ?"

ಫಾಯಿಜಾಳ ಮುಖ ಕೆಂಪಾಯಿತು. "ಏನೂ ಇಲ್ಲ! ಮುಂದಿನ ವಾರವೂ ಬರದಿದ್ರೆ ಕೆಂಚನನ್ನ ಸಾಯಿಸಿಬಿಡ್ತೀನಿ. ಪಾತ್ರ ಸತ್ರೆ ಆಟಗಾರ ಹೊರಗೆ. ಅಷ್ಟೇ!"

ಮುಂದಿನ ಭಾನುವಾರ ಬಂತು. ಹಸೀಬ್ ಬರಲಿಲ್ಲ.

"ಮಾಂತ್ರಿಕ ಕತ್ತಿ ಎತ್ತಿದ..." ಎಂದು ಫಾಯಿಜಾ ಶುರುಮಾಡಿದಳು. "ಕೆಂಚ ತಿರುಗಿ ನೋಡಿದ... ಆಮೇಲೆ..."

ಆಮೇಲಿನದು ಬಾಯಿಗೆ ಬರಲಿಲ್ಲ. ಇಲ್ಲದ ಕಳ್ಳನೊಬ್ಬನಿಗಾಗಿ ತನಗೇಕೆ ಅಳು? ಅವಳಿಗೆ ತನ್ನ ಮೇಲೇ ರೋಷ ಬಂತು. ಸ್ಕೂಟರ್ ಕೀ ತೆಗೆದುಕೊಂಡು ದಡದಡನೆ ಎದ್ದಳು.

"ಎಲ್ಲಿಗೇ? ಒಂದು ಮೆಸೇಜ್ ಹಾಕಿದ್ರೆ ಸಾಲ್ದಾ?" ಎಂದಳು ಸುಕನ್ಯಾ.

"ಸಾಲಲ್ಲ! ನಿಮಗೆ ಜಾಗ ಇಲ್ಲ ಅಂತ ಮುಖಕ್ಕೇ ಹೇಳಿ ಬರ್ತೀನಿ!"

ಬಣಕಲ್‌ನಲ್ಲಿ ಹಸೀಬನ ಅಂಗಡಿ ಮುಚ್ಚಿತ್ತು. ಪಕ್ಕದ ಬೇಕರಿಯವರು ಕಾಫಿ ಎಸ್ಟೇಟೊಂದರ ದಾರಿ ತೋರಿಸಿದರು. ಕೆರೆಯ ಬಳಿ ಸ್ಕೂಟರ್ ನಿಲ್ಲಿಸಿ ಹಸೀಬ್ ಎಲ್ಲೆಂದು ಕೇಳುತ್ತಲೇ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಓಂಕಾರಮೂರ್ತಿ ಅಡ್ಡ ಬಂದರು.

"ಈಗ ಅವ್ರನ್ನ ಮಾತಾಡಿಸ್ಬೇಡಿ ಮೇಡಂ. ಮೊಗ್ಗು ಅರಳಿಸೋ ಹೂಮಳೆ ಈ ಸಲ ಬರ್ಲೇ ಇಲ್ಲ. ಇವತ್ತು ಗಿಡಕ್ಕೆ ನೀರು ಬೀಳದಿದ್ರೆ ಮೊಗ್ಗೆಲ್ಲ ಹಾಗೇ ಒಣಗ್ತದೆ."

ಫಾಯಿಜಾ ಕೇಳಲಿಲ್ಲ. ಬಿಚ್ಚಿಹಾಕಿದ ಪಂಪಿನ ಮುಂದೆ ಹಸೀಬ್ ಕುಕ್ಕರಗಾಲಲ್ಲಿ ಕೂತಿದ್ದ. ನಿದ್ದೆಯಿಲ್ಲದ ಕಣ್ಣು, ಮೊಣಕೈವರೆಗೆ ಗ್ರೀಸ್.

"ಪರೋಟ ಮುಗೀತಾ?"

ಅವನು ತಟ್ಟನೆ ತಲೆಯೆತ್ತಿದ. "ಮೇಡಂ! ಇವತ್ತು... ಅಯ್ಯೋ, ಭಾನುವಾರ!"

"ಹೌದು, ನೀವೇ ಹೂಂ ಅಂದ ಭಾನುವಾರ! ಇವತ್ತು ನಿಮ್ಮ ಕೆಂಚನನ್ನ ಸಾಯಿಸೋಕೆ ಕೂತಿದ್ದೆ! ಮೂರು ಜನ ಬಾಗಿಲು ನೋಡ್ಕೊಂಡು ಕೂರ್ತೀವಿ ಹಸೀಬ್. 'ಬರಕ್ಕಾಗಲ್ಲ' ಅನ್ನೋ ಒಂದು ಮಾತು ನಿಮ್ಮ ಬಾಯಲ್ಲಿ ಬರಲ್ವಾ?"

ಅವನೂ ಎದ್ದು ನಿಂತ. "ಹಾಗಂದಿದ್ರೆ ಏನ್ಮಾಡ್ತಿದ್ರಿ? ನನ್ನ ಕುರ್ಚಿಗೆ ಬೇರೆಯವರನ್ನ ಕೂರಿಸ್ತಿದ್ರಿ! ಮೊದಲ ದಿನವೇ ಹೇಳಿದ್ರಲ್ಲ. ಮಳೆ ಬರೋ ತನಕ ನಂಗೆ ಯಾವ ದಿನವೂ ಗ್ಯಾರಂಟಿ ಇಲ್ಲ. ಯಾವ ಪಂಪ್ ಯಾವಾಗ ಕೆಡುತ್ತೋ ಯಾರಿಗ್ಗೊತ್ತು? ಎಲ್ಲದಕ್ಕೂ ಹೂಂ ಅಂದ್ರೆ ಒಂದು ದಿನವಾದ್ರೂ ಬರಬಹುದು ಅಂತ..."

"ಅದಕ್ಕೆ ಸುಳ್ಳು ಹೇಳ್ತೀರಾ?"

"ತಪ್ಪೇ. ಒಪ್ಕೊಳ್ತೀನಿ. ಮತ್ತೆ ನೀವು? ಸುಕನ್ಯಾ ಒಂದು ವಾರ ಬರದಿದ್ರೆ ಹಣ್ಣು ತಗೊಂಡು ನೋಡೋಕೆ ಹೋದ್ರಿ. ನನ್ನನ್ನ ಒಂದೇ ಒಂದು ಸಲ 'ಯಾಕೆ ಬರ್ಲಿಲ್ಲ' ಅಂತ ಕೇಳಿದ್ರಾ? ರಾತ್ರಿಯಿಡೀ ದುಡಿದವನು ಮಧ್ಯಾಹ್ನಕ್ಕೆ ಬೆಳಗಿನ ತಿಂಡಿ ತಿಂದ್ರೆ ಅದೂ ಅಪರಾಧ!"

ಅವನು ಹೇಳಿದ್ದು ನಿಜ. ಕೇಳಬೇಕೆಂದು ಎಷ್ಟೋ ಸಲ ಟೈಪ್ ಮಾಡಿ ಅಳಿಸಿದ್ದಳು. ಕೇಳಿದರೆ ತಾನು ಕಾಯುತ್ತಿರುವುದು ಅವನಿಗೆ ಗೊತ್ತಾಗಿಬಿಡುತ್ತದಲ್ಲ!

"ಕೆಂಚ ಸತ್ತನಾ?" ಅವನ ದನಿ ಇಳಿದಿತ್ತು.

"ಇಲ್ಲ... ನನ್ನ ಕೈಲಿ ಆಗ್ಲಿಲ್ಲ."

"ಯಾಕೆ?"

"ಯಾಕಂದ್ರೆ ನೀವು ಬರದಿದ್ದ ದಿನ ಅವನೊಬ್ಬನೇ ನನ್ನ ಹತ್ರ ಇದ್ದಿದ್ದು!" ಕಣ್ಣೀರು ಬಂದೇಬಿಟ್ಟಿತು. "ನೀವು ಮಾತಾಡೋ ಹಾಗೇ ಮಾತಾಡಿಸ್ತಿದ್ದೆ. ಅವನನ್ನೂ ಕೊಂದ್ರೆ ನಂಗೆ ಏನು ಉಳೀತದೆ?"

ಹಸೀಬ್ ಗ್ರೀಸ್ ಕೈಗಳನ್ನು ಏನು ಮಾಡುವುದೆಂದು ತಿಳಿಯದೆ ಹಿಂದೆ ಕಟ್ಟಿಕೊಂಡ.

"ಫಾಯಿಜಾ..." ಮೊದಲ ಸಲ ಮೇಡಂ ಅನ್ನಲಿಲ್ಲ. "ದಾಳದಲ್ಲಿ ಎಷ್ಟು ಬಿದ್ರೆ ಗೆಲ್ಲೋದು ಅಂತ ನಂಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ನಾನು ಬರ್ತಿದ್ದಿದ್ದು ನಿಮ್ಮನ್ನ ನೋಡೋಕೆ. ನೀವಂದ್ರೆ ನಂಗೆ ಜೀವ."

ಅವಳು ದುಪಟ್ಟಾದಿಂದ ಮುಖ ಒರೆಸಿಕೊಂಡಳು. ಸಿಟ್ಟು ಪೂರ್ತಿ ಹೋಗಿರಲಿಲ್ಲ, ಅದು ಬೇರೆ ಮಾತು.

"ಇವತ್ತೇ ಕೆಂಚನನ್ನ ಜೈಲಿಗೆ ಹಾಕ್ತೀನಿ. ನಿಮಗೆ ಬಿಡುವಾದ ದಿನ ಬೀಗ ಒಡೆದು ಬರ್ಲಿ. ಬರೋಕೆ ಆಗದವರು ಆಗಲ್ಲ ಅಂತ ಹೇಳ್ಲಿ, ಯಾರ ಕುರ್ಚಿಯೂ ಹೋಗಲ್ಲ. ಎಲ್ಲರಿಗೂ ಇನ್ಮೇಲೆ ಇದೇ ರೂಲ್ಸು."

ಅವನು ಪಂಪ್ ಜೋಡಿಸಿ ಮುಗಿಸುವವರೆಗೂ ಅವಳು ಕೆರೆ ಏರಿಯ ಮೇಲೆ ಕೂತಿದ್ದಳು. ಗುಡ್ಡದ ಕಾಫಿ ಗಿಡಗಳ ಮೇಲೆ ಸ್ಪ್ರಿಂಕ್ಲರುಗಳು ತಿರುಗತೊಡಗಿದವು. ರೈಟರ್ ದೂರದಿಂದಲೇ ಕೈಮುಗಿದರು. ಹಸೀಬ್ ಕೈ ತೊಳೆದು ಬಂದು ಅವಳ ಮುಂದೆ ನಿಂತ.

"ನಿಮ್ಮ ಅಬ್ಬಾ ಹತ್ರ ಮಾತಾಡೋಕೆ ಯಾವಾಗ ಬರ್ಲಿ?"

"ಶುಕ್ರವಾರ, ನಮಾಜ್ ಮುಗಿದ ಮೇಲೆ. ಹೇಳಿದ ಹೊತ್ತಿಗೆ ಬರ್ತೀರಾ?"

ಹೂಂ ಅನ್ನಲು ಹೊರಟವನು ತಡೆದುಕೊಂಡ. ಅವಳ ಕಣ್ಣನ್ನೇ ನೋಡಿದ.

"ಇಲ್ಲ... ತಡ ಆಗ್ಬಹುದು."

ಫಾಯಿಜಾ ಆ ದಿನ ಮೊದಲ ಸಲ ನಕ್ಕಳು.

"ಆಗ್ಲಿ. ನಾನು ಕಾಯ್ತೀನಿ."